ಉಸುಕಿನ ಅಂಚು: ಗಂಗಾವತಿಯ ಹಿತ್ತಲೊಂದರ ಗಾಲ್ಫ್ ಪಂದ್ಯದಲ್ಲಿ ನಡೆದ ಪ್ರಕರಣ

ಈ ಪ್ರಕರಣ ನಡೆದದ್ದು ಕೊಪ್ಪಳ ಜಿಲ್ಲೆಯ ಗಂಗಾವತಿ ಪಟ್ಟಣದ ಹೊರಗೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗದ್ದೆಗಳ ನಡುವಿನ ಒಂದು ತೋಟದ ಮನೆಯ ಹಿತ್ತಲಿನಲ್ಲಿ. ಎಂಟು ಮಂದಿ ಗೆಳೆಯರು ಪ್ರತಿ ವರ್ಷ ಸಂಕ್ರಾಂತಿಯ ನಂತರದ ಭಾನುವಾರ ಅಲ್ಲಿ ಕೂಡಿ ಗಾಲ್ಫ್ ಆಡುತ್ತೇವೆ. ಆರನೆಯ ವರ್ಷದ ಪಂದ್ಯದ ಕೊನೆಯ ಗುಳಿಯಲ್ಲಿ ಆಡಿನ ಮರಿಯೊಂದು ಅಡ್ಡ ಬಂದಿತು. ಉರುಳುತ್ತಿದ್ದ ಚೆಂಡು ಅದರ ಕಾಲಿಗೆ ತಾಗಿ, ದಿಕ್ಕು ಬದಲಿಸಿ, ನೇರವಾಗಿ ಗುಳಿಗೆ ಬಿದ್ದಿತು. ಆ ಹೊಡೆತದ ಮೇಲೆ ಎದ್ದ ತಕರಾರಿನಿಂದ ಇಬ್ಬರು ಹಳೆಯ ಗೆಳೆಯರು ನಾಲ್ಕು ತಿಂಗಳು ಮಾತು ಬಿಟ್ಟರು. ಪಂದ್ಯದ ಲೆಕ್ಕದ ಪುಸ್ತಕ ಮೊದಲ ವರ್ಷದಿಂದಲೂ ನನ್ನ ಬಳಿಯೇ ಇದೆ. ಆ ಪುಸ್ತಕವನ್ನು ತಿರುವಿ ಹಾಕಿ, ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ನೆಲವನ್ನು ಅಳೆದು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಹೆಸರುಗಳನ್ನು ಬರೆದಿಲ್ಲ. ಚೆಂಡು ಹೊಡೆದವರನ್ನು ಕ್ರೇನ್ ಗೆಳೆಯರು ಎಂದೂ ತಕರಾರು ಎತ್ತಿದವರನ್ನು ಅಂಗಡಿ ಗೆಳೆಯರು ಎಂದೂ ಕರೆದಿದ್ದೇನೆ.

ಆಟದ ನೆಲ

ಕೋಲ್ಕತ್ತದಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್‌ಗಳು ಹುಟ್ಟಿದ್ದರೂ ನಮ್ಮ ಬಳಗಕ್ಕೆ ಈ ಆಟ ಅಲ್ಲಿಂದ ಬರಲಿಲ್ಲ. ಕೊಲ್ಲಿ ದೇಶದಲ್ಲಿ 13 ವರ್ಷ ಕ್ರೇನ್ ನಡೆಸಿ ಊರಿಗೆ ಮರಳಿದ ಗೆಳೆಯರು ತಮ್ಮ ಸಾಮಾನಿನ ಜೊತೆ ಕೈಬದಲಾದ ನಾಲ್ಕಾರು ಕೋಲುಗಳನ್ನು ತಂದರು. ಅಲ್ಲಿ ಅವರು ಆಡುತ್ತಿದ್ದುದು ಮರಳ ಬಯಲಿನಲ್ಲಿ. ಹುಲ್ಲು ಬೆಳೆಸಲಾಗದ ಕಡೆ ಗುಳಿಯ ಸುತ್ತ ಮರಳನ್ನು ಒತ್ತಿ ಸಮ ಮಾಡಿ ಆಡುವ ಪದ್ಧತಿ ಹಲವು ಒಣ ಸೀಮೆಗಳಲ್ಲಿದೆ. ಗುಳಿಯ ಸುತ್ತಲಿನ ಹುಲ್ಲಿನ ಜಾಗಕ್ಕೆ ಗ್ರೀನ್ ಎನ್ನುವಂತೆ ಇದಕ್ಕೆ ಬ್ರೌನ್ ಎನ್ನುತ್ತಾರೆ. ಆಟಗಾರರು ಕೃತಕ ಹುಲ್ಲಿನ ಒಂದು ತುಂಡನ್ನು ಜೊತೆಗೆ ಒಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ಈ ಎರಡನ್ನೂ ನಾವು ಹಾಗೆಯೇ ತೆಗೆದುಕೊಂಡೆವು, ಏಕೆಂದರೆ ಎರೆ ಭೂಮಿಯ ಹಿತ್ತಲಿನಲ್ಲಿ ಹುಲ್ಲುಹಾಸು ಬೆಳೆಸುವ ನೀರನ್ನು ಆಟಕ್ಕೆ ಸುರಿಯುವುದು ಯಾರಿಗೂ ಸರಿ ಕಾಣಲಿಲ್ಲ.

ಹಿತ್ತಲಿನ ಮಾಲೀಕರು ಭತ್ತ ಬೆಳೆಯುವ ರೈತರು. ಸಂಕ್ರಾಂತಿಯ ಹೊತ್ತಿಗೆ ಮುಂಗಾರಿನ ಭತ್ತ ಮನೆ ಸೇರಿ, ಹುಲ್ಲು ಬಣವೆಯಾಗಿ ನಿಂತು, ಬೇಸಿಗೆ ಬೆಳೆಯ ಸಸಿ ಇನ್ನೂ ಮಡಿಯಲ್ಲಿರುವ ಆ ಕೆಲವೇ ದಿನಗಳ ಬಿಡುವಿನಲ್ಲಿ ಪಂದ್ಯ ನಡೆಯುತ್ತದೆ. ಮನೆ ಕಟ್ಟಿಸಿ ಉಳಿದಿದ್ದ ಉಸುಕನ್ನು ಮೊದಲ ವರ್ಷ ಆರು ಕಡೆ ಸುತ್ತಾಗಿ ಹಾಸಿದೆವು. ಪ್ರತಿ ಸುತ್ತಿನ ನಡುವೆ ಗುಳಿ, ಗುಳಿಯಿಂದ ಅಂಚಿಗೆ ಆರು ಅಡಿ. ಗಾಲ್ಫ್ ಗುಳಿಯ ಅಗಲ ನಿಯಮದ ಪ್ರಕಾರ 108 ಮಿಲಿಮೀಟರ್ ಇರಬೇಕು. ನಾವು ಮನೆಯ ಬಚ್ಚಲಿಗೆ ಬಳಸಿ ಮಿಕ್ಕ 110 ಮಿಲಿಮೀಟರ್ ಪಿವಿಸಿ ಪೈಪಿನ ಗೇಣುದ್ದದ ತುಂಡುಗಳನ್ನು ಹೂಳಿದೆವು. ಪೈಪಿನ ದಪ್ಪ ಕಳೆದರೆ ಒಳಗಿನ ಬಾಯಿ ನಿಯಮದ ಅಳತೆಗಿಂತ ಸ್ವಲ್ಪ ಕಿರಿದು, ಆದರೆ 42.67 ಮಿಲಿಮೀಟರ್ ಚೆಂಡಿಗೆ ಧಾರಾಳವಾಗಿ ಸಾಕು. ಬ್ರೌನ್ ಗಟ್ಟಿಯಾಗಿ ಕೂಡಲೆಂದು ಮರಳಿಗೆ ಎಣ್ಣೆ ಬೆರೆಸುವುದುಂಟು. ದನಕರು ಓಡಾಡುವ ಹಿತ್ತಲಿನಲ್ಲಿ ಅದು ಬೇಡವೆಂದು ಮಾಲೀಕರು ಮೊದಲೇ ಹೇಳಿದರು, ಅದು ಒಳ್ಳೆಯ ನಿರ್ಧಾರವಾಗಿತ್ತು. ಹಿಂದಿನ ಸಂಜೆ ನೀರು ಚಿಮುಕಿಸಿ, ತೋಯಿಸಿದ ಗೋಣಿಚೀಲವನ್ನು ಎಳೆದು ಸಮ ಮಾಡುತ್ತೇವೆ.

ಗಟ್ಟಿ ಚೆಂಡನ್ನು ಹಿತ್ತಲಿನಲ್ಲಿ ಎತ್ತಿ ಹೊಡೆದರೆ ಆಗುವ ಅನಾಹುತ ಮೊದಲ ವರ್ಷದ ಬೆಳಿಗ್ಗೆಯೇ, ಅಡುಗೆಮನೆಯ ಹೆಂಚೊಂದು ಒಡೆದಾಗ, ತಿಳಿಯಿತು. ಆ ಹೊತ್ತೇ ಪುಸ್ತಕದ ಮೊದಲ ಪುಟದಲ್ಲಿ ನಾನು ನಿಯಮವೊಂದನ್ನು ಬರೆದೆ: ಎತ್ತಿ ಹೊಡೆಯುವಾಗ ಹಳದಿ ಫೋಮ್ ಚೆಂಡು, ಉಸುಕಿನ ಮೇಲೆ ಬಂದ ಬಳಿಕ ನಾಣ್ಯವಿಟ್ಟು ಗುರುತು ಮಾಡಿ ಬಿಳಿ ಚೆಂಡಿಗೆ ಬದಲಿಸಬಹುದು. ಹಗುರವಾದ ಫೋಮ್ ಉಸುಕಿನ ಮೇಲೆ ನೇರ ಉರುಳುವುದಿಲ್ಲವಾದ್ದರಿಂದ ಈ ಬದಲಾವಣೆ ಅನಿವಾರ್ಯವಾಗಿತ್ತು. ಎಲ್ಲರೂ ಒಪ್ಪಿದರು. ಈ ನಿಯಮದಲ್ಲಿ ನಾನು ಬಳಸಿದ ‘ಉಸುಕಿನ ಮೇಲೆ’ ಎಂಬ ಎರಡು ಪದಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಆರು ಗುಳಿಗಳನ್ನು ಮೂರು ಸಲ ಆಡಿದರೆ 18 ಗುಳಿ ಆಗುತ್ತದೆ. ಒಂದು ಗುಳಿಗೆ ಏಳಕ್ಕಿಂತ ಹೆಚ್ಚು ಹೊಡೆತ ಬರೆಯುವುದಿಲ್ಲ. ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿ ಗೆದ್ದವರ ಮನೆಗೆ ಒಂದು ವರ್ಷದ ಮಟ್ಟಿಗೆ ಕಿನ್ನಾಳದ ಬಣ್ಣದ ಮರದ ಆನೆ ಹೋಗುತ್ತದೆ.

ಆ ದಿನ

ಆರನೆಯ ವರ್ಷ ಅಂಗಡಿ ಗೆಳೆಯರು 71 ಹೊಡೆತಗಳಲ್ಲಿ ಆಟ ಮುಗಿಸಿದರು. ಗೊಬ್ಬರ ಮತ್ತು ಬೀಜದ ವ್ಯಾಪಾರಿಯಾದ ಅವರು ಬಳಗದಲ್ಲಿ ಹಿರಿಯರು, ಐದು ವರ್ಷಗಳಲ್ಲಿ ಒಮ್ಮೆಯೂ ಆನೆಯನ್ನು ಮನೆಗೆ ಒಯ್ದವರಲ್ಲ. ಕ್ರೇನ್ ಗೆಳೆಯರದು ಕೊನೆಯ ಗುಳಿಯ ಬಳಿ ಬಂದಾಗ 69 ಆಗಿತ್ತು. ಒಂದೇ ಹೊಡೆತದಲ್ಲಿ ಚೆಂಡು ಒಳಗೆ ಹೋದರೆ ಅವರು ಗೆಲ್ಲುತ್ತಿದ್ದರು, ಎರಡಾದರೆ ಸಮ. ಚೆಂಡು ಗುಳಿಯಿಂದ ಸುಮಾರು ಏಳು ಅಡಿ ದೂರದಲ್ಲಿ, ಬಣವೆಯ ಕಡೆಯ ಅಂಚಿನಲ್ಲಿ, ಉಸುಕು ತೆಳ್ಳಗಾಗಿ ಮಣ್ಣಿನೊಡನೆ ಬೆರೆಯುವ ಜಾಗದಲ್ಲಿತ್ತು.

ಅವರು ಬಗ್ಗಿ, ನೋಡಿ, ನಿಧಾನವಾಗಿ ಹೊಡೆದರು. ಚೆಂಡು ಅರ್ಧ ದಾರಿಯಲ್ಲಿದ್ದಾಗ ಹುಟ್ಟಿ ಹದಿನೈದು ದಿನವೂ ಆಗಿರದ ಆಡಿನ ಮರಿಯೊಂದು ಬಣವೆಯ ಹಿಂದಿನಿಂದ ನೆಗೆಯುತ್ತ ಬಂದಿತು. ಗುಳಿಯ ಎಡಕ್ಕೆ ಸರಿದು ಹೋಗಲಿದ್ದ ಚೆಂಡು ಅದರ ಮುಂಗಾಲಿನ ಗೊರಸಿಗೆ ತಾಗಿ ಬಲಕ್ಕೆ ಹೊರಳಿತು. ಪೈಪಿನ ಅಂಚಿಗೆ ಟಕ್ ಎಂದು ಬಡಿದು ಒಳಗೆ ಇಳಿಯಿತು. ಮಕ್ಕಳು ಕೂಗಿದರು, ದೊಡ್ಡವರೂ ಕೂಗಿದೆವು.

ಅಂಗಡಿ ಗೆಳೆಯರು ಮಾತ್ರ ಕೂಗಲಿಲ್ಲ. ಗದ್ದಲ ಸ್ವಲ್ಪ ತಗ್ಗಿದ ಮೇಲೆ ಅವರು, ‘ಇದು ಮತ್ತ ಹೊಡೀಬೇಕಾಗ್ತದ. ಮರಿ ತಾಗೇದ’ ಎಂದರು. ಅದಕ್ಕೆ ಕ್ರೇನ್ ಗೆಳೆಯರು, ‘ನಾ ಸುತ್ತಿನ ಹೊರಗಿದ್ದೆ, ಅಣ್ಣಾರ. ಹೊರಗಿಂದ ಹೊಡದ್ರ ಚೆಂಡು ಹೆಂಗ ಬಿತ್ತೋ ಹಂಗ. ಅಲ್ಲಿರೋದು ಚೆಲ್ಲಿದ ಉಸುಕು, ಹಾಸಿದ್ದಲ್ಲ’ ಎಂದರು. ಅಂಗಡಿ ಗೆಳೆಯರು ಮತ್ತೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಾರೋ ಕೈ ಎತ್ತಿ ತೀರ್ಮಾನಿಸೋಣ ಎಂದರು. ಇಬ್ಬರನ್ನು ಬಿಟ್ಟು ಉಳಿದ ಆರು ಮಂದಿಯಲ್ಲಿ ನಾಲ್ವರು ಗೆಲುವು ಸರಿ ಎಂದು ಕೈ ಎತ್ತಿದೆವು. ನಾನೂ ಎತ್ತಿದೆ. ಎಣಿಕೆ ಮುಗಿಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಊಟಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಿದ್ಧವಾಗಿದ್ದವು. ಎಂಟು ತಟ್ಟೆಗಳನ್ನು ಹಾಕಲಾಗಿತ್ತು. ಅಂಗಡಿ ಗೆಳೆಯರು ಅಂಗಡಿಗೆ ಲೋಡ್ ಬರುವುದಿದೆ ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟೇಹೋದರು. ಅಂದು ಭಾನುವಾರವೆಂಬುದು ಎಲ್ಲರಿಗೂ ಗೊತ್ತಿತ್ತು. ಮನೆಯ ಅಕ್ಕ ಆ ಎಂಟನೆಯ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಸಂಜೆಯವರೆಗೆ ಹಾಗೆಯೇ ಇಟ್ಟಿದ್ದರು.

ಅದರ ಪರಿಣಾಮ ಹಿತ್ತಲಿನಲ್ಲಿಯೇ ನಿಲ್ಲಲಿಲ್ಲ. ಮನೆಯ ಮಾಲೀಕರು ಬೇಸಿಗೆ ಬೆಳೆಯ ಯೂರಿಯಾ, ಡಿಎಪಿಯನ್ನು ವರ್ಷಗಳಿಂದ ಅದೇ ಅಂಗಡಿಯಲ್ಲಿ ಉದ್ರಿ ತಂದು, ಭತ್ತ ಮಾರಿದ ಮೇಲೆ ಲೆಕ್ಕ ಮುಟ್ಟಿಸುತ್ತಿದ್ದವರು. ಆ ವರ್ಷ ಯಾವ ಮುಖ ಹೊತ್ತು ಉದ್ರಿ ಕೇಳಲಿ ಎಂದು ಸಂಕೋಚಪಟ್ಟು, ಕೈಗಡ ಮಾಡಿ ಬೇರೆ ಕಡೆ ನಗದು ಕೊಟ್ಟು ತಂದರು. ಇದು ತಿಳಿದ ಅಂಗಡಿ ಗೆಳೆಯರು ತಮ್ಮನ್ನು ಬೇಕೆಂದೇ ದೂರವಿಟ್ಟರೆಂದು ತಿಳಿದುಕೊಂಡರು. ಯಾರೂ ಯಾರಿಗೂ ಕೆಡುಕು ಬಯಸದೆಯೇ ನಂಟು ಹೀಗೆ ಎಳೆ ಎಳೆಯಾಗಿ ಸಡಿಲವಾಗುತ್ತಿತ್ತು. ನಾನು ಈ ವಿಚಾರಣೆಗೆ ಇಳಿದದ್ದು ಆನೆ ಯಾರದೆಂದು ತೀರ್ಮಾನಿಸುವುದಕ್ಕಲ್ಲ, ಈ ಗೊಬ್ಬರದ ಸಂಗತಿ ಕಿವಿಗೆ ಬಿದ್ದ ಮೇಲೆ ಸುಮ್ಮನಿರಲಾಗದೆ.

ನೆಲ ಹೇಳಿದ್ದು

ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಅಳತೆಯ ಟೇಪು ಹಿಡಿದು ಆರನೆಯ ಗುಳಿಯ ಬಳಿಗೆ ಹೋದೆ. ಹೊರಗಿನ ಅಂಚು ಗುಳಿಯಿಂದ ಒಂದು ಕಡೆ ಆರೂಕಾಲು ಅಡಿ, ಇನ್ನೊಂದು ಕಡೆ ಎಂಟು ಅಡಿ ಇತ್ತು. ಸುತ್ತು ಸುತ್ತಾಗಿಯೇ ಉಳಿದಿರಲಿಲ್ಲ. ಬಣವೆಯ ಕಡೆಗೆ ಅದು ನಾಲಿಗೆ ಚಾಚಿದಂತೆ ಹಬ್ಬಿತ್ತು.

ಮೊದಲ ವರ್ಷ ಅಂಚಿಗೆ ಇಟ್ಟಿಗೆ ಹೂಳಿದ್ದೆವೆಂಬ ಮಂದ ನೆನಪು ನನಗಿತ್ತು. ಬೆರಳಿನಿಂದ ಉಸುಕು ಸರಿಸುತ್ತ ಹೋದೆ. ಎರಡು ಬೆರಳಿನಷ್ಟು ಆಳದಲ್ಲಿ, ನೆಲಕ್ಕೆ ಸಮನಾಗಿ ಮಲಗಿಸಿದ ಕೆಂಪು ಇಟ್ಟಿಗೆಯ ಅಂಚು ಸಿಕ್ಕಿತು. ಅದರ ಪಕ್ಕ ಇನ್ನೊಂದು, ಮತ್ತೊಂದು. ಯಾರೂ ಎಡವಬಾರದೆಂದು ಅವನ್ನು ನೆಲದ ಮಟ್ಟಕ್ಕೆ ಇಳಿಸಿದ್ದವರು ಕ್ರೇನ್ ಗೆಳೆಯರೇ. ಗುಳಿಯಿಂದ ಇಟ್ಟಿಗೆಗೆ ಸರಿಯಾಗಿ ಆರು ಅಡಿ. ಚೆಂಡಿದ್ದ ಜಾಗವೆಂದು ಮೂವರು ಬೇರೆ ಬೇರೆಯಾಗಿ ಬಂದು ತೋರಿಸಿದ ಸ್ಥಳ ಇಟ್ಟಿಗೆಯಿಂದ ಒಂದು ಗೇಣು ಹೊರಗೆ ಬಿದ್ದಿತು.

ಉಸುಕು ಹೊರಗೆ ಹರಿದದ್ದಕ್ಕೆ ಕಾರಣ ನಮ್ಮದೇ ಆರೈಕೆ. ಬ್ರೌನ್ ಮೇಲೆ ಹೊಡೆಯುವ ಮುನ್ನ ಚೆಂಡಿನಿಂದ ಗುಳಿಯವರೆಗಿನ ದಾರಿಯ ಹೆಜ್ಜೆಗುರುತನ್ನು ಅಳಿಸಿ ಸಮ ಮಾಡಿಕೊಳ್ಳುವ ವಾಡಿಕೆ ಇದೆ. ಗೋಣಿಚೀಲವನ್ನು ಪ್ರತಿಯೊಬ್ಬರೂ ಗುಳಿಯಿಂದ ಹೊರಮುಖವಾಗಿ ಎಳೆಯುತ್ತಿದ್ದೆವು. ಆರನೆಯ ಗುಳಿಗೆ ಎಲ್ಲರೂ ಬರುತ್ತಿದ್ದುದು ಬಣವೆಯ ಕಡೆಯಿಂದಲೇ ಆದ್ದರಿಂದ ಆರು ವರ್ಷಗಳಲ್ಲಿ ಉಸುಕು ಹಿಡಿ ಹಿಡಿಯಾಗಿ ಅತ್ತ ಸಾಗಿ, ಇಟ್ಟಿಗೆಯ ಗೆರೆಯನ್ನು ಮುಚ್ಚಿ, ಅದರಾಚೆಗೂ ಸುತ್ತು ಇರುವಂತೆ ಕಾಣಿಸಿತು. ಕ್ರೇನ್ ಗೆಳೆಯರು ಹೇಳಿದ ‘ಚೆಲ್ಲಿದ ಉಸುಕು’ ಎಂಬ ಮಾತು ಆ ದಿನ ಜಾಣತನದ ವಾದದಂತೆ ಕೇಳಿಸಿದ್ದರೂ ಅಕ್ಷರಶಃ ನಿಜವಾಗಿತ್ತು. ನಾಲ್ವರು ಎತ್ತಿದ ಕೈ ಸರಿಯೇ ಇತ್ತೆಂದು ಅಂದು ಸಂಜೆ ನಾನು ಸಮಾಧಾನದಿಂದ ಮನೆಗೆ ಹೋದೆ. ಆ ಸಮಾಧಾನ ಮೂರು ತಿಂಗಳು ಉಳಿಯಿತು.

ವಿಡಿಯೊ ಹೇಳಿದ್ದು

ಪಿಯುಸಿ ಓದುತ್ತಿದ್ದ ಆ ಮನೆಯ ಮಗಳು ಕೊನೆಯ ಹೊಡೆತವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದಳು. 11 ಸೆಕೆಂಡಿನ ಆ ವಿಡಿಯೊ ಎಲ್ಲರ ವಾಟ್ಸ್ಆ್ಯಪ್‌ಗೂ ಬಂದಿತ್ತು. ಮರಿ ನೆಗೆಯುವುದನ್ನು ನೋಡಲೆಂದು ನಾವೆಲ್ಲ ಅದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೆವು. ಮೇ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಕಾಲಿಡಲಾಗದ ಬಿಸಿಲಿನಲ್ಲಿ, ಫೋನಿನಲ್ಲಿ ಜಾಗ ಮಾಡಲು ಹಳೆಯದನ್ನು ಅಳಿಸುತ್ತ ಕುಳಿತಿದ್ದಾಗ ಮತ್ತೊಮ್ಮೆ ಅದು ಕಣ್ಣಿಗೆ ಬಿದ್ದಿತು. ಮರಿ ಇನ್ನೂ ಬಂದಿರದ ಮೊದಲ ಎರಡು ಸೆಕೆಂಡುಗಳಲ್ಲಿ ಕ್ರೇನ್ ಗೆಳೆಯರು ಬಗ್ಗಿ ನೆಲದಿಂದ ನಾಣ್ಯವೊಂದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಅವರ ಮುಂದಿರುವ ಚೆಂಡು ಬಿಳಿಯದು.

ಬಿಳಿ ಚೆಂಡಿಗೆ ಬದಲಿಸಲು ನಮ್ಮಲ್ಲಿ ಅವಕಾಶವಿರುವುದು ಉಸುಕಿನ ಸುತ್ತಿನ ಮೇಲೆ ಬಂದ ಬಳಿಕ ಮಾತ್ರ. ಹೊಡೆಯುವ ಮುನ್ನ ಅವರು ತಾವು ಸುತ್ತಿನ ಮೇಲೆ ಇದ್ದೇವೆಂದು ತಿಳಿದೇ ನಾಣ್ಯವಿಟ್ಟಿದ್ದರು. ಹೊಡೆದ ಮೇಲೆ ಹೊರಗಿದ್ದೆ ಎಂದರು. ಈ ಎರಡೂ ಏಕಕಾಲಕ್ಕೆ ನಿಲ್ಲುವಂಥವಲ್ಲ. ಎಂಟು ಮಂದಿಯಲ್ಲಿ ಒಬ್ಬರೂ ಇದನ್ನು ಗಮನಿಸಿರಲಿಲ್ಲ ಎಂದುಕೊಂಡೆ. ಅದೂ ನಿಜವಲ್ಲವೆಂಬುದು ನಂತರ ತಿಳಿಯಿತು.

ನಿಯಮ ಹೇಳಿದ್ದು

ಗಾಲ್ಫ್‌ನ ನಿಯಮಗಳನ್ನು ಸ್ಕಾಟ್ಲೆಂಡಿನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಎಂಬ ಎರಡು ಸಂಸ್ಥೆಗಳು ಕೂಡಿ ಪ್ರಕಟಿಸುತ್ತವೆ. 2019ರಲ್ಲಿ ಅವು ಬಹುಮಟ್ಟಿಗೆ ಹೊಸದಾಗಿ ಬರೆಯಲ್ಪಟ್ಟವು, 2023ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ಪ್ರಾಣಿಯಿಂದ ಆಗುವ ಅಡ್ಡಿಯನ್ನು ಅವು ಸ್ಪಷ್ಟವಾಗಿ ಬಿಡಿಸಿ ಹೇಳುತ್ತವೆ. ನಿಂತಿರುವ ಚೆಂಡನ್ನು ಪ್ರಾಣಿ ಸರಿಸಿದರೆ ಅದನ್ನು ಮೊದಲಿದ್ದ ಜಾಗಕ್ಕೆ ತಂದಿಡಬೇಕು, ದಂಡವಿಲ್ಲ. ಚಲಿಸುತ್ತಿರುವ ಚೆಂಡು ಅಕಸ್ಮಾತ್ತಾಗಿ ಪ್ರಾಣಿಗೆ ತಾಗಿದರೆ ಸಾಮಾನ್ಯವಾಗಿ ಅದು ನಿಂತಲ್ಲಿಂದಲೇ ಆಟ ಮುಂದುವರಿಯುತ್ತದೆ, ಗುಳಿಗೆ ಬಿದ್ದರೆ ಬಿದ್ದಂತೆಯೇ. ಆದರೆ ಗ್ರೀನ್ ಮೇಲಿಂದ ಹೊಡೆದ ಚೆಂಡು ಗ್ರೀನ್ ಮೇಲೆಯೇ ಇರುವ ಇಂಥ ಪ್ರಾಣಿಗೆ ತಾಗಿದರೆ ಆ ಹೊಡೆತ ಲೆಕ್ಕಕ್ಕಿಲ್ಲ. ಮೊದಲಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ಹೀಗೆ ಇಡೀ ಪ್ರಕರಣ ಚೆಂಡು ಗೆರೆಯ ಯಾವ ಕಡೆ ಇತ್ತೆಂಬ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಗೆರೆ ಯಾವುದು? ವಿಶೇಷವಾಗಿ ಸಿದ್ಧಪಡಿಸಿದ ಜಾಗ ಎಲ್ಲಿ ಶುರುವಾಗುತ್ತದೆಂದು ಕಣ್ಣಿಗೆ ಕಾಣುತ್ತದೆಯೋ ಅದೇ ಗ್ರೀನ್‌ನ ಅಂಚು ಎಂದು ನಿಯಮ ಹೇಳುತ್ತದೆ. ಪಂದ್ಯ ನಡೆಸುವವರು ಗೆರೆಯಿಂದಲೋ ಚುಕ್ಕೆಗಳಿಂದಲೋ ಬೇರೆಯಾಗಿ ಗುರುತಿಸಿದ್ದರೆ ಆ ಗುರುತೇ ಅಂಚು. ಹುಲ್ಲಿನ ಮೈದಾನದಲ್ಲಿ ಕತ್ತರಿಸಿದ ಹುಲ್ಲಿನ ಎತ್ತರವೇ ಅಂಚನ್ನು ತೋರಿಸುವುದರಿಂದ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ನಮ್ಮಲ್ಲಿ ಕಣ್ಣಿಗೆ ಕಾಣುವುದು ಹರಡಿದ ಉಸುಕು, ಸಿದ್ಧಪಡಿಸಿದ್ದು ಇಟ್ಟಿಗೆಯೊಳಗಿನ ಉಸುಕು. ಎರಡೂ ಬೇರೆಯಾಗಿದ್ದವು. ನನ್ನ ಪುಸ್ತಕದ ನಿಯಮವೂ ‘ಉಸುಕಿನ ಮೇಲೆ’ ಎಂದಿತ್ತೇ ಹೊರತು ‘ಇಟ್ಟಿಗೆಯೊಳಗೆ’ ಎಂದಿರಲಿಲ್ಲ.

ಈ ತೊಡಕನ್ನು ಬಿಡಿಸಿದ್ದು ಅದೇ ನಿಯಮಗಳ ಮೊದಲ ಅಧ್ಯಾಯದ ಒಂದು ಭಾಗ. ಒಂದು ಸ್ಥಳವನ್ನೋ ಗೆರೆಯನ್ನೋ ಅಂಚನ್ನೋ ಆಟಗಾರ ನಿರ್ಧರಿಸಬೇಕಾದಾಗ, ಆ ಸಂದರ್ಭದಲ್ಲಿ ಮಾಡಬಹುದಾದಷ್ಟನ್ನು ಮಾಡಿ ವಿವೇಕದಿಂದ ನಿರ್ಧರಿಸಿದ್ದರೆ, ಹೊಡೆತದ ನಂತರ ವಿಡಿಯೊದಿಂದಲೋ ಬೇರೆ ಮಾಹಿತಿಯಿಂದಲೋ ಅದು ತಪ್ಪೆಂದು ತಿಳಿದುಬಂದರೂ ಆ ನಿರ್ಧಾರವನ್ನು ಒಪ್ಪಿಕೊಳ್ಳಬೇಕೆಂದು ಅದು ಹೇಳುತ್ತದೆ. ಹೊಡೆತಕ್ಕೆ ಮುನ್ನ ಕ್ರೇನ್ ಗೆಳೆಯರ ನಿರ್ಧಾರ ಏನಿತ್ತೆಂಬುದಕ್ಕೆ ನಾಣ್ಯವೇ ಸಾಕ್ಷಿ. ಕಾಲಡಿ ಉಸುಕಿತ್ತು, ಇಟ್ಟಿಗೆ ಕಾಣುತ್ತಿರಲಿಲ್ಲ, ತಾವು ಸುತ್ತಿನ ಮೇಲೆ ಇದ್ದೇವೆಂದು ತಿಳಿದದ್ದು ವಿವೇಕಕ್ಕೆ ಹೊರತಾದುದಲ್ಲ. ಫೆಬ್ರವರಿಯಲ್ಲಿ ನಾನು ಅಗೆದು ತೆಗೆದ ಇಟ್ಟಿಗೆ ಆ ನಿರ್ಧಾರವನ್ನು ಅಳಿಸಲಾರದು. ಆದ್ದರಿಂದ ಅವರು ಸುತ್ತಿನ ಮೇಲಿಂದಲೇ ಹೊಡೆದಂತಾಯಿತು, ಹೊಡೆತ ರದ್ದಾಗಿ ಮತ್ತೆ ಹೊಡೆಯಬೇಕಾಗಿತ್ತು. ನನ್ನ ದೃಷ್ಟಿಯಲ್ಲಿ ಇದು ನಿಯಮಕ್ಕೂ ನ್ಯಾಯಕ್ಕೂ ಒಪ್ಪುವ ಉತ್ತರ.

ಮಾತು ಮತ್ತೆ ಶುರುವಾದದ್ದು

ವಿಡಿಯೊವನ್ನು ಮೊದಲು ಕ್ರೇನ್ ಗೆಳೆಯರಿಗೆ ತೋರಿಸಿದೆ, ಬೇರೆ ಯಾರಿಗೂ ಹೇಳಲಿಲ್ಲ. ಅವರು ಮೂರು ಸಲ ನೋಡಿದರು. ‘ಬಿಳೀದೈತಲ್ರಿ’ ಎಂದು ಮೆಲ್ಲಗೆ ಹೇಳಿದರು. ಅವರು ಮೋಸಕ್ಕೆ ಇಳಿದವರಲ್ಲವೆಂಬುದನ್ನು ಇಲ್ಲಿ ಖಚಿತವಾಗಿ ಹೇಳಬೇಕು. ಕಾಲಿಗೆ ಉಸುಕು ಸಿಕ್ಕೊಡನೆ ನಾಣ್ಯವಿಡುವುದು ನಮಗೆಲ್ಲ ಕೈರೂಢಿಯಾಗಿತ್ತು. ಇಟ್ಟಿಗೆ ಹೂಳಿದ ನೆನಪು ಅವರಿಗೆ ಬಂದದ್ದು ತಕರಾರು ಎದ್ದ ಮೇಲೆ. ಅಂದು ಸಂಜೆ ಅವರು ನನ್ನನ್ನು ಕರೆದುಕೊಂಡು ಗೊಬ್ಬರದ ಅಂಗಡಿಗೆ ಹೋದರು.

ಅಂಗಡಿ ಗೆಳೆಯರು ಚೀಲಗಳ ಲೆಕ್ಕ ಬರೆಯುತ್ತಿದ್ದರು. ಕ್ರೇನ್ ಗೆಳೆಯರು ನಿಂತಲ್ಲಿಯೇ, ‘ಅಣ್ಣಾರ, ನಾ ಚೆಂಡು ಬದಲಿ ಮಾಡಿದ್ದೆ. ಆ ಹೊಡೆತ ನಡ್ಯಾಂಗಿಲ್ಲ. ಆನಿ ತಂದೀನಿ’ ಎಂದು ಚೀಲದಿಂದ ಆನೆಯನ್ನು ತೆಗೆದು ತಕ್ಕಡಿಯ ಪಕ್ಕ ಇಟ್ಟರು. ಅಂಗಡಿ ಗೆಳೆಯರು ಅದನ್ನು ನೋಡಲೂ ಇಲ್ಲ. ‘ನೀ ನಾಣ್ಯ ಇಟ್ಟಿದ್ದು ನಾ ನೋಡಿದ್ದೆ. ಅದನ್ನ ಹೇಳಾಕ ಬಾಯಿ ತೆರದೆ. ಅಷ್ಟರಾಗ ಕೈ ಎತ್ತಿಬಿಟ್ರಿ. ಆನಿ ಯಾರಿಗೆ ಬೇಕಿತ್ತು? ನನ್ನ ಮಾತೊಂದು ಕೇಳಬೇಕಿತ್ತು’ ಎಂದರು.

ನಾಲ್ಕು ತಿಂಗಳು ನಾವು ಹುಡುಕಿದ ಸಾಕ್ಷಿ ಮೊದಲ ದಿನವೇ ಒಬ್ಬರ ಬಾಯ ತುದಿಯಲ್ಲಿತ್ತು. ಕೈ ಎತ್ತಿಸಿ ಎಣಿಸಿದ್ದನ್ನೇ ನಾವು ವಿಚಾರಣೆ ಎಂದುಕೊಂಡಿದ್ದೆವು. ಕೈ ಎತ್ತಿದ ನಾಲ್ವರಲ್ಲಿ ಒಬ್ಬನಾಗಿ, ಅದಕ್ಕಿಂತ ಹೆಚ್ಚಾಗಿ ನಿಯಮ ಬರೆದವನಾಗಿ, ನಾನು ಅಲ್ಲಿಯೇ ಅವರ ಕ್ಷಮೆ ಕೇಳಿದೆ. ಅವರು ಒಳಗಿನಿಂದ ಇನ್ನೆರಡು ಸ್ಟೂಲು ತರಿಸಿದರು. ಚಹಾ, ಮಿರ್ಚಿ ಬಜ್ಜಿ ಬಂದವು. ಮನೆಯ ಮಾಲೀಕರಿಗೆ ಫೋನು ಮಾಡಿ, ಮುಂಗಾರಿಗೆ ಎಷ್ಟು ಚೀಲ ತೆಗೆದಿರಿಸಲಿ ಎಂದು ಕೇಳಿದವರೂ ಅವರೇ.

ಏಳನೆಯ ವರ್ಷದ ಪಂದ್ಯ ಶುರುವಾಗುವ ಮುನ್ನ ಆ ಹೊಡೆತವನ್ನು ಮತ್ತೆ ಆಡಿಸಿದೆವು. ಇಟ್ಟಿಗೆಯಿಂದ ಒಂದು ಗೇಣು ಹೊರಗೆ ನಾಣ್ಯವಿಟ್ಟು, ಬಿಳಿ ಚೆಂಡಿಟ್ಟು, ಆಡುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದೆವು. ಕ್ರೇನ್ ಗೆಳೆಯರ ಮೊದಲ ಹೊಡೆತ ಗುಳಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು, ಎರಡನೆಯದು ಒಳಗೆ ಹೋಯಿತು. ಒಟ್ಟು 71. ಪುಸ್ತಕದ ಆರನೆಯ ವರ್ಷದ ಸಾಲನ್ನು ಹೊಡೆದುಹಾಕಿ ಇಬ್ಬರ ಹೆಸರನ್ನೂ ಬರೆದೆ. ಕಳೆದ ವರ್ಷದ ಪಾಲೆಂದು ಆನೆ ಆ ದಿನ ಊಟ ಮುಗಿಯುವವರೆಗೆ ಅಂಗಡಿ ಗೆಳೆಯರ ತಟ್ಟೆಯ ಮುಂದೆ ಇತ್ತು.

ಮೊದಲ ಪುಟದ ನಿಯಮವನ್ನೂ ತಿದ್ದಿದ್ದೇನೆ. ಸುತ್ತಿನ ಅಂಚಿಗೆ ಈಗ ಹಾಕುವ ಸುಣ್ಣದ ಗೆರೆಯನ್ನು ಮುಟ್ಟಿದ ಅಥವಾ ಅದರೊಳಗಿರುವ ಚೆಂಡು ಸುತ್ತಿನ ಮೇಲಿದ್ದಂತೆ. ಚೆಂಡು ಬದಲಿಸುವವರು ನಾಣ್ಯವಿಡುವ ಮುನ್ನ ಜೊತೆಯ ಆಟಗಾರರಿಗೆ ಕೇಳುವಂತೆ ಹೇಳಬೇಕು. ಗೋಣಿಚೀಲವನ್ನು ಹೊರಗಿನಿಂದ ಗುಳಿಯ ಕಡೆಗೆ ಎಳೆಯಬೇಕು. ತಕರಾರು ಎದ್ದರೆ ಇಬ್ಬರ ಮಾತನ್ನೂ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಅವರು ಹೌದೆಂದ ಮೇಲೆಯೇ ಉಳಿದವರನ್ನು ಕೇಳಬೇಕು. ಗೆರೆ ಹಾಕುವ ಕೆಲಸ ಹಿಂದಿನ ದಿನ ಸಂಜೆ ಉಸುಕು ತೋಯಿಸಿದ ಮೇಲೆ ನಡೆಯುತ್ತದೆ. ಗುಳಿಯ ನಡುವೆ ಗೂಟ ನೆಟ್ಟು, ಆರು ಅಡಿ ಹಗ್ಗದ ಒಂದು ತುದಿಯನ್ನು ಅದಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಒಬ್ಬರು ಸುತ್ತ ನಡೆಯುತ್ತಾರೆ, ಹಿಂದೆಯೇ ಮನೆಯ ಅಕ್ಕ ಸುಣ್ಣದ ಪುಡಿ ಬಿಡುತ್ತ ಬರುತ್ತಾರೆ. ಕಳೆದೆರಡು ವರ್ಷಗಳಿಂದ ಹಗ್ಗ ಹಿಡಿಯುತ್ತಿರುವವರು ಅಂಗಡಿ ಗೆಳೆಯರು.